ಕೋವಿಗೆ ಸ್ಕೋಪ್ ಕೂರಿಸುವುದು: ಡವ್‌ಟೇಲ್, ವೀವರ್, ಪಿಕಟಿನಿ ಇವುಗಳಲ್ಲಿ ಯಾವುದು ಸರಿ?

ಸ್ಕೋಪ್ ತರಲು ಹೊರಟವರು ಮೊದಲು ವಿಚಾರಿಸುವುದು ಸ್ಕೋಪಿನ ಬಗ್ಗೆಯೇ. ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಗಾಜು 40 ಮಿ.ಮೀ. ಇದೆಯೋ 50 ಇದೆಯೋ ಎಂಬುದೇ ಮಾತು. ಅದನ್ನು ಕೋವಿಗೆ ಹಿಡಿದಿಡುವ ಮೌಂಟಿನ ನೆನಪಾಗುವುದು ಕೊನೆಗೆ, ಕೈಯಲ್ಲಿ ಉಳಿದ ದುಡ್ಡಿನಲ್ಲಿ. ಆಮೇಲೆ ನಿನ್ನೆ ಸರಿಯಿದ್ದ ಗುರಿ ಇವತ್ತು ಎರಡು ಇಂಚು ಪಕ್ಕಕ್ಕೆ ಹೋಗುತ್ತಿದೆ ಎಂಬ ದೂರು ಶುರುವಾಗುತ್ತದೆ. ಇಂಥ ದೂರುಗಳಲ್ಲಿ ಹೆಚ್ಚಿನವು ಗಾಜಿನದ್ದಲ್ಲ, ಹಿಡಿತದ್ದು. ಹಾಗಾಗಿ ಆಯ್ಕೆಯ ಕ್ರಮವನ್ನು ತಿರುಗಿಸಿಕೊಳ್ಳಿ. ಕೋವಿಯ ಮೇಲೆ ಯಾವ ರೈಲ್, ಅಂದರೆ ಮೌಂಟ್ ಕಚ್ಚಿ ಕೂರುವ ಪಟ್ಟಿ, ಇದೆ ಎಂದು ಮೊದಲು ನೋಡಿ. ಅದು ಯಾವ ದಿಕ್ಕಿಗೆ ಒದೆಯುತ್ತದೆ ಎಂದು ತಿಳಿದುಕೊಳ್ಳಿ. ಆಮೇಲೆ ಎತ್ತರದ ಲೆಕ್ಕ. ಸ್ಕೋಪ್ ಕೊನೆಗೆ.

ಮಲೆನಾಡಿನ ಮನೆಗಳಲ್ಲಿ ಸ್ಕೋಪ್ ಕೂರಿಸಬಹುದಾದವು ಮುಖ್ಯವಾಗಿ ಎರಡು ಬಗೆ: 4.5 ಮಿ.ಮೀ. ಏರ್ ರೈಫಲ್, ಮತ್ತು ಲೈಸೆನ್ಸ್ ಇರುವ .22 ಅಥವಾ .315 ರೈಫಲ್. ಕೇಪಿನ ಕೋವಿಗೂ ಒಂಟಿ ನಳಿಗೆ, ಜೋಡು ನಳಿಗೆಯ ತೋಟಾ ಕೋವಿಗೂ ಈ ಖರ್ಚು ಬೇಡ, ಹರಡಿಕೊಂಡು ಹೋಗುವ ಚರೆಗೆ ಸ್ಕೋಪಿನಿಂದ ಏನೂ ಲಾಭವಿಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ತಯಾರಾಗುವ ಮಕ್ಕಳಿಗೂ ಕೊಡಿಸಬೇಡಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ, ಅಲ್ಲಿ ಸಣ್ಣ ತೂತಿನ ಡಯಾಪ್ಟರ್ ಸೈಟಿನಲ್ಲೇ ಅಭ್ಯಾಸವಾಗಬೇಕು.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡೋಣ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿ.ಮೀ. ಮತ್ತು ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಬೇಕು. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ತೋಟಕ್ಕೆ ಬಂದದ್ದಕ್ಕೆಲ್ಲ ಗುರಿಯಿಡಬಹುದು ಎಂದಲ್ಲ. ನವಿಲು, ಕಾಡುಹಂದಿ, ಕೆಂದಳಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ, ಆ ಕಾಯ್ದೆಯಲ್ಲಿ ಬೇಟೆಯ ಪ್ರಯತ್ನವೂ ಬೇಟೆಯೇ. ಇಲ್ಲಿ ಹೇಳುವುದೆಲ್ಲ ಕಾಗದದ ಗುರಿಹಲಗೆಗೆ ಹೊಡೆಯುವವರಿಗಾಗಿ.

ರೈಲ್ ಯಾವುದೆಂದು ಗುರುತಿಸುವುದು

ಕೋವಿಯ ಮೇಲ್ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೂ ಎರಡು ಗೀರು ಕೊರೆದಂತೆ ಮಾತ್ರ ಇದ್ದರೆ ಅದು ಡವ್‌ಟೇಲ್. ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಗಾಡಿಗಳು, ಅಂದರೆ ಕೊರೆದ ಸೀಳುಗಳು, ಇದ್ದರೆ ಅದು ವೀವರ್ ಇಲ್ಲವೇ ಪಿಕಟಿನಿ.

ಡವ್‌ಟೇಲಿಗೆ 11 ಮಿ.ಮೀ. ಎಂಬುದು ಹೆಸರಿಗಷ್ಟೇ. ಏರ್ ರೈಫಲ್‌ಗಳಲ್ಲಿ ನಿಜವಾದ ಅಗಲ 9.5 ಮಿ.ಮೀ.ನಿಂದ 13ರ ಮೇಲೂ ಸಿಗುತ್ತದೆ. ಹಲವು .22 ರೈಫಲ್‌ಗಳಲ್ಲಿ 9.5, ಅಂದರೆ ಮೂರು ಎಂಟಾಂಶ ಇಂಚು. ಗೀರಿನ ಗೋಡೆ ಕೆಲವದರಲ್ಲಿ 45 ಡಿಗ್ರಿ, ಕೆಲವದರಲ್ಲಿ 60 ಡಿಗ್ರಿ ಓರೆ. ಅಂಗಡಿಯಲ್ಲಿ ಬರೇ '11 ಎಂಎಂ ಕೊಡಿ' ಎಂದು ಕೇಳಿ ತಂದ ಮೌಂಟ್ ಮೇಲ್ನೋಟಕ್ಕೆ ಕೂತರೂ ಅದರ ದವಡೆ ಗೋಡೆಯನ್ನು ಪೂರ್ತಿ ಮುಟ್ಟದೆ ಅಂಚನ್ನಷ್ಟೇ ಕಚ್ಚಿರುತ್ತದೆ. ಇದನ್ನು ಕಣ್ಣಾರೆ ನೋಡುವ ದಾರಿಯಿದೆ: ಗೀರಿನ ಒಳಗೋಡೆಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು, ಒಣಗಿದ ಮೇಲೆ ಮೌಂಟ್ ಬಿಗಿದು ಬಿಚ್ಚಿ. ಅಗಲವಾದ ಪಟ್ಟಿಯಂತೆ ಬಣ್ಣ ಅಳಿಸಿದ್ದರೆ ಹಿಡಿತ ಸರಿ. ಕೂದಲೆಳೆಯಷ್ಟು ಗೆರೆ ಮಾತ್ರ ಅಳಿಸಿದ್ದರೆ ಆ ಮೌಂಟ್ ನಿಮ್ಮ ಕೋವಿಗಲ್ಲ. ಎಷ್ಟು ಬಿಗಿದರೂ ಜಾರುತ್ತದೆ, ಬಿಗಿದಷ್ಟೂ ಕೋವಿಯ ಅಂಚು ಜಜ್ಜಿಹೋಗುತ್ತದೆ. ಮೌಂಟ್ ತರಲು ಹೋಗುವಾಗ ವರ್ನಿಯರ್‌ನಲ್ಲಿ ಅಳೆದ ಅಳತೆ ಜೇಬಿನಲ್ಲಿರಲಿ.

ವೀವರ್, ಪಿಕಟಿನಿ ಎರಡೂ ಅಗಲದಲ್ಲಿ ಸುಮಾರು 21 ಮಿ.ಮೀ., ಅದಕ್ಕೇ ಗೊಂದಲ. ವ್ಯತ್ಯಾಸವಿರುವುದು ಅಡ್ಡ ಗಾಡಿಯಲ್ಲಿ. ವೀವರ್ ಗಾಡಿ 4.57 ಮಿ.ಮೀ. ಅಗಲ, ಗಾಡಿಯಿಂದ ಗಾಡಿಗೆ ಇರುವ ದೂರಕ್ಕೆ ನಿಯಮವಿಲ್ಲ. ಪಿಕಟಿನಿ ಗಾಡಿ 5.23 ಮಿ.ಮೀ., ನಡುವಿನಿಂದ ನಡುವಿಗೆ 10.01 ಮಿ.ಮೀ. ದೂರ, ಎಲ್ಲ ಕಡೆಯೂ ಒಂದೇ. 1995ರಲ್ಲಿ ಅಮೆರಿಕದ ಸೇನೆ ಮಿಲ್-ಎಸ್‌ಟಿಡಿ-1913 ಎಂದು ಅಳತೆ ಕಟ್ಟಿದ ಮೇಲೆ ಬಂದ ಶಿಸ್ತು ಇದು. ಹಾಗಾಗಿ ವೀವರ್ ಮೌಂಟ್ ಪಿಕಟಿನಿ ರೈಲಿನ ಮೇಲೆ ಕೂರುತ್ತದೆ, ಪಿಕಟಿನಿ ಮೌಂಟಿನ ದಪ್ಪ ಬೋಲ್ಟ್ ಮಾತ್ರ ವೀವರ್ ಗಾಡಿಗೆ ಇಳಿಯುವುದಿಲ್ಲ. ವೀವರ್ ಮೌಂಟನ್ನು ಪಿಕಟಿನಿಯಲ್ಲಿ ಹಾಕಿದಾಗ ಅರ್ಧ ಮಿ.ಮೀ.ಗೂ ಹೆಚ್ಚು ಸಡಿಲ ಉಳಿಯುತ್ತದೆ. ಅದನ್ನು ಯಾವ ಕಡೆಗೆ ತಳ್ಳಿ ಬಿಗಿಯಬೇಕೆಂಬುದನ್ನು ಮುಂದೆ ನೋಡೋಣ.

ಹೊಸ ಕೋವಿಯನ್ನೇ ತರುವವರಾದರೆ ನಮ್ಮ ಸಲಹೆ ನೇರ: ಪಿಕಟಿನಿ ಇರುವುದನ್ನೇ ತನ್ನಿ. ಮೌಂಟ್ ಹುಡುಕುವುದು ಸುಲಭ, ಅಡ್ಡ ಬೋಲ್ಟ್ ಗಾಡಿಯಲ್ಲಿ ಕೂರುವುದರಿಂದ ಜಾರುವುದಕ್ಕೆ ಜಾಗವೇ ಇಲ್ಲ. ಒಂದು ಎಚ್ಚರ, ಕೆಲವು ಏರ್ ರೈಫಲ್‌ಗಳಲ್ಲಿ ಆ ರೈಲನ್ನೇ ಎರಡು ಮೂರು ಸ್ಕ್ರೂಗಳಲ್ಲಿ ಸಿಲಿಂಡರ್ ಮೇಲೆ ಕೂರಿಸಿರುತ್ತಾರೆ. ಮೌಂಟ್ ಗಟ್ಟಿಯಾಗಿದ್ದೂ ರೈಲೇ ಅಲುಗಾಡುತ್ತಿರಬಹುದು. ಆ ಸ್ಕ್ರೂಗಳನ್ನು ಮೊದಲೇ ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಮತ್ತೆ ಬಿಗಿಯಿರಿ.

ಡವ್‌ಟೇಲ್ ಇದ್ದವರು ಅದನ್ನು ಪಿಕಟಿನಿ ಮಾಡುವ ಅಡಾಪ್ಟರ್ ಹಾಕಬಹುದೇ? ಪಿಸಿಪಿ ಕೋವಿಗೆ, ಅಂದರೆ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹಾರುವ ಏರ್ ರೈಫಲ್‌ಗೆ, ಹಾಕಬಹುದು. ಒಳಗಿನ ಸ್ಪ್ರಿಂಗಿನ ಬಲದಿಂದ ಹಾರುವ ಸ್ಪ್ರಿಂಗ್ ಕೋವಿಗೆ ಬೇಡ. ಜಾರುವ ಜಾಗ ಒಂದಿದ್ದದ್ದು ಎರಡಾಗುತ್ತದೆ, ಸ್ಕೋಪ್ ಇನ್ನಷ್ಟು ಮೇಲೇರುತ್ತದೆ. ಹಳೆಯ .315ರಂತೆ ರೈಲೇ ಇಲ್ಲದ ರೈಫಲ್‌ಗೆ ಸ್ವತಃ ಡ್ರಿಲ್ ಹಾಕಲೇಬೇಡಿ. ತೂತು ಕೊರೆದು ಅದರೊಳಗೆ ಸ್ಕ್ರೂವಿನ ಸುತ್ತು (ಮರೆ) ಹಾಕುವ ಕೆಲಸ ಲೈಸೆನ್ಸ್ ಪಡೆದ ಕೋವಿ ರಿಪೇರಿಯವರದ್ದು. ಕೂದಲೆಳೆ ತಪ್ಪಿದರೆ ಸ್ಕೋಪ್ ಓರೆಯಾಗುವುದಷ್ಟೇ ಅಲ್ಲ, ಗುಂಡಿನ ಒತ್ತಡ ತಡೆಯಬೇಕಾದ ಭಾಗವೇ ದುರ್ಬಲವಾಗುತ್ತದೆ.

ಒದೆತದ ದಿಕ್ಕು

ಮೌಂಟ್ ಆಯ್ಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಇಲ್ಲಿ. .315 ಹಾರಿದಾಗ ಕೋವಿ ಹಿಂದಕ್ಕೆ, ಭುಜಕ್ಕೆ ಒದೆಯುತ್ತದೆ. ಸ್ಕೋಪ್ ತನ್ನ ತೂಕದ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಅಂದರೆ ಕೋವಿಯ ಲೆಕ್ಕದಲ್ಲಿ ಸ್ಕೋಪ್ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಬಿಗಿಯುವ ಮುನ್ನ ಮೌಂಟನ್ನು ಮುಂದಕ್ಕೆ, ನಳಿಗೆಯ ಕಡೆಗೆ ತಳ್ಳಿ, ಅಡ್ಡ ಬೋಲ್ಟ್ ಗಾಡಿಯ ಮುಂಗೋಡೆಗೆ ತಾಗಿದ ಮೇಲೆ ಬಿಗಿಯಬೇಕು.

ಸ್ಪ್ರಿಂಗ್ ಕೋವಿ ಹಾಗಲ್ಲ. ಕುದುರೆ (ಟ್ರಿಗರ್) ಎಳೆದೊಡನೆ ಒಳಗಿನ ಪಿಸ್ಟನ್ ಮುಂದಕ್ಕೆ ಚಿಮ್ಮುತ್ತದೆ, ಕೋವಿ ಸ್ವಲ್ಪ ಹಿಂದೆ ಬರುತ್ತದೆ. ಮರುಕ್ಷಣ ಪಿಸ್ಟನ್ ತುದಿಗೆ ಹೋಗಿ ನಿಲ್ಲುತ್ತದೆ, ಆಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಎರಡನೆಯ ಏಟೇ ಜೋರು. ಹಾಗಾಗಿ ಇಲ್ಲಿ ಸ್ಕೋಪ್ ಜಾರುವುದು ಹಿಂದಕ್ಕೆ, ನಿಮ್ಮ ಕಣ್ಣಿನ ಕಡೆಗೆ. ನೈಟ್ರೋ ಪಿಸ್ಟನ್ ಎಂದು ಮಾರುವ ಗ್ಯಾಸ್ ರಾಮ್ ಕೋವಿಗಳದ್ದೂ ಇದೇ ಕಥೆ. ಭುಜಕ್ಕೆ ಏನೂ ತಾಗುವುದಿಲ್ಲವಲ್ಲ ಎಂದು ಹಗುರ ಮೌಂಟ್ ಹಾಕಿದವರು ಮೋಸಹೋಗುವುದು ಹೀಗೆ. ಹಿಂದಕ್ಕೆ ಒದೆಯುವ ಬಂದೂಕಿಗೆಂದೇ ಮಾಡಿದ ಸ್ಕೋಪಿನ ಒಳಗಾಜು ಈ ಮುಂಜಗ್ಗಿಗೆ ಸಡಿಲವಾಗುತ್ತದೆ, ಒಳಗಿನ ಅಡ್ಡಗೆರೆ ತಿರುಚಿಕೊಳ್ಳುತ್ತದೆ. ದೊಡ್ಡ ರೈಫಲ್ಲನ್ನು ತಡೆದ ಸ್ಕೋಪ್ ಸಣ್ಣ ಸ್ಪ್ರಿಂಗ್ ಕೋವಿಯ ಮೇಲೆ ಹಾಳಾಗುವುದಕ್ಕೆ ಕಾರಣ ಇದೇ. ಸ್ಪ್ರಿಂಗ್ ಏರ್ ರೈಫಲ್‌ಗೆ ಎಂದು ತಯಾರಕರೇ ಬರೆದಿರುವ ಸ್ಕೋಪನ್ನೇ ಕೇಳಿ ತನ್ನಿ.

ಸ್ಪ್ರಿಂಗ್ ಕೋವಿಯ ಡವ್‌ಟೇಲಿನ ಹಿಂಬದಿಯಲ್ಲಿ ಒಂದೋ ಎರಡೋ ಸಣ್ಣ ಕುಳಿ ಕೊರೆದಿರುತ್ತಾರೆ. ಮೌಂಟಿನ ತಳದಿಂದ ಇಳಿಯುವ ಸ್ಟಾಪ್ ಪಿನ್ ಅದರಲ್ಲಿ ಕೂರಬೇಕು. ಪಿನ್ ಇಳಿಸಿ, ಮೌಂಟನ್ನು ಹಿಂದಕ್ಕೆ ಎಳೆದು ಪಿನ್ ಕುಳಿಯ ಹಿಂಗೋಡೆಗೆ ತಾಗಿದ ಮೇಲೆ ಬಿಗಿಯಿರಿ. ಪಿನ್ ಉದ್ದ ಹೆಚ್ಚಾದರೆ ಮೌಂಟಿನ ಹಿಂಭಾಗ ಎದ್ದು ನಿಲ್ಲುತ್ತದೆ. ಮೌಂಟ್ ಪೂರ್ತಿ ಕೂತ ಮೇಲೆ ಪಿನ್ ಕುಳಿಯ ತಳ ಮುಟ್ಟುವಷ್ಟು ಮಾತ್ರ ತಿರುಗಿಸಿ. ಕುಳಿ ಇಲ್ಲದ ಕೋವಿಗೆ ಮೌಂಟಿನ ಹಿಂದೆ ಬೇರೆಯದೇ ಸ್ಟಾಪ್ ಬ್ಲಾಕ್ ಕಚ್ಚಿಸಬೇಕು. ಸ್ಪ್ರಿಂಗ್ ಕೋವಿ ಪಿಕಟಿನಿಯದ್ದಾದರೂ ತಳ್ಳುವುದು ಹಿಂದಕ್ಕೇ. ಪಿಸಿಪಿಯಲ್ಲಿ ಒದೆತವೇ ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಈ ಚಿಂತೆ ಬೇಡ.

ಒಂದೇ ತುಂಡೋ, ಎರಡು ರಿಂಗೋ

ಸ್ಪ್ರಿಂಗ್ ಕೋವಿಗೆ ಒಂದೇ ತುಂಡಿನ ಮೌಂಟ್. ಇದರಲ್ಲಿ ಎರಡು ಮಾತಿಲ್ಲ. ದವಡೆ ಉದ್ದ, ಸ್ಕ್ರೂ ಹೆಚ್ಚು, ಸ್ಕೋಪನ್ನು ಸುತ್ತಿ ಹಿಡಿಯುವ ಎರಡೂ ರಿಂಗ್ ಒಂದೇ ಗೆರೆಯಲ್ಲಿರುತ್ತವೆ. ಎರಡು ಬೇರೆ ರಿಂಗ್ ಹಾಕಿದರೆ ಪೂರ್ತಿ ಏಟನ್ನು ಹಿಂದಿನ ರಿಂಗಿನ ಪಿನ್ ಒಂದೇ ಹೊರಬೇಕಾಗುತ್ತದೆ. ಮುಂದಿನದು ಸ್ಕೋಪಿನ ಕೊಳವೆಯ ಮೇಲೆ ಉಜ್ಜುತ್ತಾ ಗೀರು ಹಾಕುತ್ತದೆ.

ಪಿಸಿಪಿಯಲ್ಲಿ ಮಾತು ತಿರುಗುತ್ತದೆ. ಪೆಲೆಟಿನ ಮ್ಯಾಗಜಿನ್ ಕೋವಿಯ ನಡುವೆ ಮೇಲಕ್ಕೆ ಎದ್ದಿರುತ್ತದೆ, ಒಂದೇ ತುಂಡಿನ ಮೌಂಟ್ ಅದಕ್ಕೆ ಅಡ್ಡ ಬರುತ್ತದೆ. ಅಲ್ಲಿ ಎರಡು ರಿಂಗೇ ಸರಿ. .22ಕ್ಕೂ ಅಷ್ಟೇ. ಎರಡು ರಿಂಗಿನಲ್ಲಿ ಸ್ಕೋಪನ್ನು ಹಿಂದೆ ಮುಂದೆ ಸರಿಸುವ ಜಾಗವೂ ಹೆಚ್ಚು. ಆದರೆ ಎರಡೂ ಒಂದೇ ಜೋಡಿಯವೇ ಆಗಿರಲಿ, ಬೇರೆ ಬೇರೆ ಪೊಟ್ಟಣದಿಂದ ಒಂದೊಂದು ತೆಗೆದು ಹಾಕಬೇಡಿ.

ಕೊಳವೆಯ ವ್ಯಾಸ 25.4 ಮಿ.ಮೀ. (ಒಂದು ಇಂಚು) ಅಥವಾ 30 ಮಿ.ಮೀ. ರಿಂಗ್ ಅದೇ ಇರಬೇಕು. 30ರ ರಿಂಗಿಗೆ ಒಂದು ಇಂಚಿನ ಕೊಳವೆಯನ್ನು ಟೇಪ್ ಸುತ್ತಿ ಕೂರಿಸುವ ಉಪಾಯ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ತೇವಕ್ಕೆ ಟೇಪಿನ ಅಂಟು ಲೋಳೆಯಾಗಿ ಹೊರಗೆ ಬರುತ್ತದೆ.

ಎತ್ತರದ ಲೆಕ್ಕ

ಲೋ, ಮೀಡಿಯಂ, ಹೈ ಎಂಬ ಹೆಸರುಗಳನ್ನು ನಂಬಬೇಡಿ. ಒಬ್ಬರ ಮೀಡಿಯಂ ಇನ್ನೊಬ್ಬರ ಹೈ ಆಗಿರುತ್ತದೆ. ಒಬ್ಬ ತಯಾರಕ ರೈಲಿನಿಂದ ಕೊಳವೆಯ ನಡುವಿನವರೆಗೆ ಅಳೆದು ಬರೆಯುತ್ತಾನೆ, ಇನ್ನೊಬ್ಬ ರಿಂಗಿನ ತೊಟ್ಟಿಲಿನ, ಅಂದರೆ ಕೊಳವೆ ಕೂರುವ ಕೆಳ ಅರ್ಧದ, ತಳದವರೆಗೆ. ಎರಡರ ನಡುವೆ ಒಂದು ಇಂಚಿನ ಕೊಳವೆಯಲ್ಲಿ 12.7 ಮಿ.ಮೀ. ವ್ಯತ್ಯಾಸ.

ನೀವೇ ಲೆಕ್ಕ ಹಾಕಿ. 40 ಮಿ.ಮೀ. ಗಾಜಿನ ಸ್ಕೋಪಿನ ಮುಂದಿನ ಗಂಟೆಯಂಥ ಭಾಗವನ್ನು ಹೊರಗಿನಿಂದ ಅಳೆದರೆ 48 ಮಿ.ಮೀ. ಬಂತೆನ್ನಿ. ಅರ್ಧ 24. ಮುಚ್ಚಳಕ್ಕೂ ಗಾಳಿಯಾಡುವುದಕ್ಕೂ 3 ಸೇರಿಸಿ, 27. ಡವ್‌ಟೇಲ್ ಸಿಲಿಂಡರಿನ ಮಟ್ಟದಲ್ಲೇ ಇದ್ದರೆ ರೈಲಿನಿಂದ ಕೊಳವೆಯ ನಡುವಿಗೆ 27 ಮಿ.ಮೀ. ಬೇಕು, ತೊಟ್ಟಿಲಿನ ತಳಕ್ಕಾದರೆ 14.3. ರೈಲ್ 8 ಮಿ.ಮೀ. ಎತ್ತರಿಸಿದ್ದಾದರೆ ಎರಡರಲ್ಲೂ 8 ಕಳೆಯಿರಿ. ಇದಕ್ಕಿಂತ ಎತ್ತರ ಬೇಡ. ಎತ್ತರವಾದಷ್ಟೂ ಕೆನ್ನೆ ಹಿಡಿಯ ಮೇಲೆ ಊರದೆ ಗಾಳಿಯಲ್ಲಿ ನಿಲ್ಲುತ್ತದೆ, ಪ್ರತಿಸಲ ಕಣ್ಣು ಬೇರೆ ಜಾಗಕ್ಕೆ ಬರುತ್ತದೆ. 50 ಮಿ.ಮೀ. ಗಾಜಿನ ಆಸೆಗೆ ಬಿದ್ದವರು ತೆರುವ ಬೆಲೆ ಇದು. 25 ಮೀಟರಿನ ಕಾಗದದ ಗುರಿಗೆ 32 ಅಥವಾ 40 ಧಾರಾಳ. ಆ ದುಡ್ಡನ್ನು ಪ್ಯಾರಲ್ಯಾಕ್ಸ್ ತಿದ್ದುವ, ಅಂದರೆ ಗುರಿಯ ದೂರಕ್ಕೆ ತಕ್ಕಂತೆ ಹೊಂದಿಸುವ, ಬಳೆ ಇರುವ ಸ್ಕೋಪಿಗೆ ಹಾಕಿ. ಸಾಮಾನ್ಯ ಸ್ಕೋಪುಗಳನ್ನು 100 ಗಜಕ್ಕೆ ಹೊಂದಿಸಿರುತ್ತಾರೆ, 10 ಮೀಟರಿನಲ್ಲಿ ಅದು ಮಂಜುಮಂಜು.

ಕೂರಿಸುವ ಕ್ರಮ

ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡಿ. ಸ್ಪ್ರಿಂಗ್ ಕೋವಿಯನ್ನು ಎಳೆದು ಇಟ್ಟುಕೊಂಡು ಕೆಲಸ ಮಾಡಬೇಡಿ.

ರೈಲ್, ದವಡೆ, ರಿಂಗಿನ ಒಳಮೈ, ಕೊಳವೆ ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಜಾರುವಿಕೆಗೆ ಅರ್ಧ ಕಾರಣ ಉಳಿದ ಎಣ್ಣೆಯೇ. ಗುರಿಯನ್ನು ಮೇಲೆ ಕೆಳಗೆ, ಅಕ್ಕಪಕ್ಕ ತಿದ್ದುವ ಸ್ಕೋಪಿನ ಎರಡೂ ತಿರುಗಣೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ ಕ್ಲಿಕ್ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ಮೌಂಟನ್ನು ಸರಿಯಾದ ದಿಕ್ಕಿಗೆ ತಳ್ಳಿ ರೈಲಿಗೆ ಬಿಗಿಯಿರಿ. ಬಿಗಿತದ ಅಂಕಿ ಮೌಂಟಿನ ಪೊಟ್ಟಣದ ಮೇಲಿರುತ್ತದೆ, ಅದನ್ನೇ ಪಾಲಿಸಿ.

ಸ್ಕೋಪನ್ನು ತೊಟ್ಟಿಲಿನಲ್ಲಿಟ್ಟು ಮೇಲಿನ ಮುಚ್ಚಳ ಸಡಿಲವಾಗಿ ಹಾಕಿ. ಹಿಗ್ಗಿಸುವ ಬಳೆಯನ್ನು ಗರಿಷ್ಠಕ್ಕೆ ತಿರುಗಿಸಿ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ತಂದು, ಕೆನ್ನೆ ಊರಿ, ಕಣ್ಣು ತೆರೆಯಿರಿ. ಸುತ್ತ ಕಪ್ಪು ಅಂಚು ಕಾಣದೆ ಪೂರ್ತಿ ವೃತ್ತ ಕಾಣುವವರೆಗೆ ಸ್ಕೋಪನ್ನು ಸರಿಸಿ. ಕಣ್ಣಿನಿಂದ ಹಿಂಗಾಜಿಗೆ ಸಾಮಾನ್ಯವಾಗಿ 75ರಿಂದ 90 ಮಿ.ಮೀ. ಬರುತ್ತದೆ. .315ರಲ್ಲಿ ಇದಕ್ಕಿಂತ ಹತ್ತಿರವಾದರೆ ಹುಬ್ಬು ಸೀಳುತ್ತದೆ.

ಇನ್ನು ಅಡ್ಡಗೆರೆ ನೆಟ್ಟಗಿರಬೇಕು. ಗಾರೆ ಕೆಲಸದವರ ತೂಕದ ಗುಂಡನ್ನು ದಾರಕ್ಕೆ ಕಟ್ಟಿ 10 ಮೀಟರ್ ದೂರದಲ್ಲಿ ಜಗಲಿಯ ತೊಲೆಯಿಂದ ಇಳಿಬಿಡಿ. ಗಾಳಿಗೆ ಆಡದಂತೆ ಗುಂಡು ನೀರಿನ ಬಕೆಟ್ಟಿನಲ್ಲಿ ಮುಳುಗಿರಲಿ. ಕೋವಿಯ ರೈಲಿನ ಮೇಲೆ ಸಣ್ಣ ರಸಮಟ್ಟ ಅಡ್ಡಲಾಗಿಟ್ಟು ಗುಳ್ಳೆಯನ್ನು ನಡುವಿಗೆ ತನ್ನಿ. ಆಮೇಲೆ ಸ್ಕೋಪನ್ನು ಮಾತ್ರ ತಿರುಗಿಸುತ್ತಾ ನಿಂತ ಗೆರೆ ದಾರದ ಮೇಲೆ ಕೂರುವಂತೆ ಮಾಡಿ. 5 ಡಿಗ್ರಿ ಓರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಪೆಲೆಟ್ 20 ಸೆಂ.ಮೀ. ಕೆಳಗಿಳಿಯುವಷ್ಟು ದೂರಕ್ಕೆ ಹೊಡೆದಾಗ ಸುಮಾರು 17 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ.

ಮುಚ್ಚಳದ ಸ್ಕ್ರೂಗಳನ್ನು ಒಂದು ಬದಿ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಬದಿ ಮಾಡಿದರೆ ಕೊಳವೆ ತಿರುಗಿ, ಈಗಷ್ಟೇ ಹೊಂದಿಸಿದ ಗೆರೆ ಓರೆಯಾಗುತ್ತದೆ. ಓರೆಯಲ್ಲಿ ಎದುರುಬದಿರು, ಕಾಲು ಕಾಲು ಸುತ್ತು. ಎರಡೂ ಬದಿಯ ಸಂದು ಸಮವಾಗಿ ಉಳಿಯಬೇಕು. ಸಂದು ಪೂರ್ತಿ ಮುಚ್ಚಿದರೆ ರಿಂಗ್ ಕೊಳವೆಯನ್ನು ಹಿಡಿದೇ ಇಲ್ಲ ಎಂದರ್ಥ. ಬಿಗಿತ 1.7ರಿಂದ 2 ನ್ಯೂಟನ್ ಮೀಟರ್, ಅಂದರೆ 15ರಿಂದ 18 ಇಂಚು ಪೌಂಡ್. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅಲೆನ್ ಕೀಯ ಗಿಡ್ಡ ಕಾಲನ್ನು ಎರಡೇ ಬೆರಳಲ್ಲಿ ಹಿಡಿದು ಬಿಗಿಯಿರಿ. ಅತಿಯಾದರೆ ಕೊಳವೆ ಚಪ್ಪಟೆಯಾಗಿ ಒಳಗಿನ ತಿರುಗಣೆ ಸಿಕ್ಕಿಕೊಳ್ಳುತ್ತದೆ. ಈ ಸ್ಕ್ರೂಗಳಿಗೆ ಥ್ರೆಡ್‌ಲಾಕರ್ ಬೇಡ. ಜಾರುವ ಭಯವಿದ್ದರೆ ಪುಡಿ ಮಾಡಿದ ರಾಳವನ್ನು ಚಿಟಿಕೆಯಷ್ಟು ರಿಂಗಿನ ಒಳಮೈಗೆ ಸವರಿ. ಕೀ ಅಳತೆಯೂ ನೋಡಿ: 3/32 ಇಂಚಿನ ಕೀ 2.38 ಮಿ.ಮೀ., ಅದನ್ನು 2.5ರ ತೂತಿಗೆ ಹಾಕಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಗುಂಡಗಾಗುತ್ತದೆ.

ಎಲ್ಲ ಮುಗಿದ ಮೇಲೆ ಬಿಳಿ ನೈಲ್ ಪಾಲಿಶ್‌ನಿಂದ ರಿಂಗಿನಿಂದ ಕೊಳವೆಗೆ, ಮೌಂಟಿನಿಂದ ರೈಲಿಗೆ ಹಾಯುವಂತೆ ಕೂದಲೆಳೆ ಗೆರೆ ಎಳೆಯಿರಿ. 50 ಪೆಲೆಟ್ ಹಾರಿಸಿದ ಮೇಲೆ ನೋಡಿ. ಗೆರೆ ತುಂಡಾಗಿದ್ದರೆ ಯಾವುದು, ಎಷ್ಟು ಜಾರಿದೆ ಎಂದು ಅದೇ ಹೇಳುತ್ತದೆ.

ಗುರಿ ಹೊಂದಿಸುವಾಗ

ಗುರಿಹಲಗೆಯ ಹಿಂದೆ ಮಣ್ಣಿನ ಧರೆ ಇರಲಿ. ಜಂಬಿಟ್ಟಿಗೆ ಗೋಡೆಗೆ ಬಡಿದ ಪೆಲೆಟ್ ಹಿಂದಕ್ಕೆ ಚಿಮ್ಮುತ್ತದೆ. ತೋಟದಲ್ಲಿ ಕೊನೆಗಾರರು, ಕಳೆಯವರು ಯಾರೂ ಇಲ್ಲವೆಂದು ಖಾತ್ರಿಯಾಗಬೇಕು. ಅಳತೆಯ ಟೇಪ್ ಇಲ್ಲದಿದ್ದರೆ, 9 ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲಿನಲ್ಲಿ ಮೊದಲ ಮರದಿಂದ ಹತ್ತನೆಯ ಮರಕ್ಕೆ 81 ಅಡಿ, ಹೆಚ್ಚುಕಡಿಮೆ 25 ಮೀಟರ್.

ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ಕಾಲು ಎಂಒಎ ಕ್ಲಿಕ್ಕಿನ ಸ್ಕೋಪಾದರೆ ಒಂದು ಕ್ಲಿಕ್ 25 ಮೀಟರಿನಲ್ಲಿ 1.8 ಮಿ.ಮೀ., 10 ಮೀಟರಿನಲ್ಲಿ 0.7. ಗುರಿಯಿಂದ 1 ಸೆಂ.ಮೀ. ತಪ್ಪಿದ್ದರೆ 25 ಮೀಟರಿನಲ್ಲಿ ಐದಾರು ಕ್ಲಿಕ್.

ನಳಿಗೆ ಮಡಚುವ ಕೋವಿಗಳಲ್ಲಿ ಮೇಲಿನ ತಿರುಗಣೆ ಮುಗಿದರೂ ಪೆಲೆಟ್ ಕೆಳಗೇ ಬೀಳುವುದುಂಟು. ಮಡಚುವ ಕೀಲಿನ ಬಳಿ ನಳಿಗೆ ಕೂದಲೆಳೆ ಕೆಳಗೆ ವಾಲಿರುತ್ತದೆ. ಸ್ಕೋಪಿನ ಹಿಂಬದಿಯನ್ನು ಎತ್ತಬೇಕು. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ. ರಿಂಗುಗಳ ನಡುವೆ 100 ಮಿ.ಮೀ. ಇದ್ದಾಗ ಹಿಂದಿನ ತೊಟ್ಟಿಲಿನಲ್ಲಿ ಅದರ ಒಂದು ಪಟ್ಟಿ ಇಟ್ಟರೆ ಪೆಲೆಟ್ 25 ಮೀಟರಿನಲ್ಲಿ 2.5 ಸೆಂ.ಮೀ. ಮೇಲೇರುತ್ತದೆ. ಎರಡು ಪಟ್ಟಿಗಿಂತ ಹೆಚ್ಚು ಹಾಕಬೇಡಿ, ಕೊಳವೆ ಬಾಗುತ್ತದೆ. ಅದಕ್ಕೂ ಮಿಕ್ಕಿದ್ದರೆ ಹಿಂಬದಿ ಎತ್ತಿಯೇ ಮಾಡಿರುವ ಮೌಂಟ್ ಸಿಗುತ್ತದೆ, ಅದನ್ನು ತನ್ನಿ.

ಮಳೆಗಾಲ

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕೋವಿಗೆ ಬಿಸಿಲೇ ಕಾಣುವುದಿಲ್ಲ. ಅಲ್ಯೂಮಿನಿಯಂ ಮೌಂಟ್ ಉಕ್ಕಿನ ರೈಲಿಗೆ ತಾಗಿದಲ್ಲಿ ತೇವ ನಿಂತರೆ ಒಂದು ಕಡೆ ಬಿಳಿ ಪುಡಿ, ಇನ್ನೊಂದು ಕಡೆ ಕೆಂಪು ತುಕ್ಕು. ಕಚ್ಚುವ ಮುಖಗಳು ಒಣಗಿರಲಿ, ಬಿಗಿದಾದ ಮೇಲೆ ಮೌಂಟಿನ ಅಂಚಿನುದ್ದಕ್ಕೂ ಹೊಲಿಗೆ ಯಂತ್ರದ ಎಣ್ಣೆಯನ್ನು ಸಣ್ಣ ಕುಂಚದಲ್ಲಿ ಎಳೆಯಿರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ ಅಂಟಾಗುತ್ತದೆ. ಸ್ಪಂಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸ್ಪಂಜು ತೇವ ಹೀರಿ ಇಟ್ಟುಕೊಳ್ಳುತ್ತದೆ, ಗಾಜಿನ ಮೇಲೆ ಜೇಡರ ಬಲೆಯಂಥ ಬೂಸ್ಟು ಹಬ್ಬುತ್ತದೆ. ಬೀಗವಿರುವ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಮತ್ತೆ ನೀಲಿಗೆ ತನ್ನಿ, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ಮಳೆಗಾಲದಲ್ಲಿ ಗುರಿ ತಪ್ಪಿತೆಂದು ಕೂಡಲೇ ಮೌಂಟ್ ಬಿಚ್ಚಬೇಡಿ. ಮರದ ಹಿಡಿ ತೇವಕ್ಕೆ ಉಬ್ಬಿ, ಹಿಡಿಯನ್ನೂ ಕೋವಿಯನ್ನೂ ಜೋಡಿಸುವ ಸ್ಕ್ರೂಗಳ ಬಿಗಿತ ಬದಲಾಗಿರುತ್ತದೆ. ನೈಲ್ ಪಾಲಿಶ್ ಗೆರೆ ತುಂಡಾಗಿಲ್ಲದಿದ್ದರೆ ಮೊದಲು ಆ ಸ್ಕ್ರೂಗಳನ್ನು ನೋಡಿ.

ಲೈಸೆನ್ಸ್ ಕೋವಿ ಇರುವವರಿಗೆ ಇನ್ನೊಂದು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲೋ ಡೀಲರ್ ಬಳಿಯೋ ಇಡಬೇಕಾಗಿ ಬರಬಹುದು, ಅಲ್ಲಿ ಹತ್ತಾರು ಕೋವಿಗಳ ನಡುವೆ ಸ್ಕೋಪ್ ಒರಗಿ ನಿಲ್ಲುತ್ತದೆ. ಪಿಕಟಿನಿ ರೈಲ್ ಇದ್ದವರು ಸನ್ನೆ ಎಳೆದು ತೆಗೆಯುವಂಥ ಕ್ಯೂಡಿ ಮೌಂಟ್ ಹಾಕಿದರೆ ಸ್ಕೋಪನ್ನು ಮನೆಯಲ್ಲೇ ಬಿಟ್ಟು ಹೋಗಬಹುದು. ತೆಗೆಯುವ ಮುನ್ನ ಯಾವ ಗಾಡಿಯಲ್ಲಿತ್ತು ಎಂದು ಹಿಂದಿನಿಂದ ಎಣಿಸಿ, ಆ ಸಂಖ್ಯೆಯನ್ನೂ ಎರಡೂ ತಿರುಗಣೆಗಳ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಸ್ಕೋಪಿನ ಚೀಲದೊಳಗಿಡಿ. ಕೋವಿ ಮನೆಗೆ ಬಂದ ಮೇಲೆ ಅದೇ ಗಾಡಿಗೆ ಹಾಕಿ, ಮುಂದಕ್ಕೆ ತಳ್ಳಿ, ಸನ್ನೆ ಮುಚ್ಚಿ, ಮೂರು ಗುಂಡು ಕಾಗದಕ್ಕೆ ಹೊಡೆದು ನೋಡಿ.